ಬೆಳ್ಳಿ ಗೌರಿಯ ಮಗಳಲ್ಲ ಅಂತ ಬಂತು ರಿಪೋರ್ಟು

ರಿಪೋರ್ಟನ್ನ ಮತ್ತೆ ಮತ್ತೆ ನೋಡ್ದೆ. ಗೌರಿಗೂ ಬೆಳ್ಳಿಗೂ ಮ್ಯಾಚೇ ಇಲ್ಲ!

ಗೌರಿ, ಬೆಳ್ಳಿ ಅಂದ್ರೆ ಶಿವನಿ ಊರಲ್ಲಿರೋ ನಮ್ಮನೆ ಹಸುಗಳು. ತಾಯಿ, ಮಗಳು.

ನಮ್ಮ ಲ್ಯಾಬಲ್ಲಿ ಹಸು, ಎಮ್ಮೆ, ಕಾಡೆಮ್ಮೆ, ಕೃಷ್ಣಮೃಗ... ಇವಕ್ಕೆಲ್ಲ ಒಂದಕ್ಕೊಂದು ಎಷ್ಟು ಹತ್ತಿರದ ನೆಂಟಸ್ತನ, ಯಾವಾಗ ಕವಲೊಡೆದ್ವು ಅಂತ ಮೈಟೋಕಾಂಡ್ರಿಯಾ ಜೀನ್ ಇಟ್ಕೊಂಡು ಹುಡುಕ್ತೀವಿ.

ಈ ಜೀನ್ ಅಪ್ಪನಿಂದ ಬರಲ್ಲ. ಬರೀ ತಾಯಿಯಿಂದ ಮಕ್ಕಳಿಗೆ ಇಳಿಯುತ್ತೆ. ಅದಕ್ಕೇ ನಮ್ಮ ಕೆಲಸ ಸರಿ ಇದೆಯಾ ಅಂತ ಚೆಕ್ ಮಾಡೋಕೆ ಒಂದಷ್ಟು ತಾಯಿ-ಮಗಳ ಜೋಡಿ ಇಟ್ಕೋತೀವಿ, ಅವೆರಡೂ ಒಂದೇ ಥರ ಬರಬೇಕು.

ನಾನು ಕೊಟ್ಟ ಗೌರಿ-ಬೆಳ್ಳಿ ಜೋಡಿ ಹಂಗೆ ಬರ್ಲಿಲ್ಲ.

"ಟ್ಯೂಬ್ ಅದಲು ಬದಲು ಮಾಡಿದೀಯ" ಅಂದ್ರು ನನ್ನ ಪಿಎಚ್‌ಡಿ ಗೈಡ್, ಎಲ್ಲರ ಮುಂದೆ. ಒಂದೊಂದು ಲೇಬಲ್ಲೂ ಎರಡೆರಡು ಸಲ ನೋಡಿ ಅಂಟಿಸಿದ್ದೆ ಕಣ್ರೀ! ಬಾತ್‌ರೂಮಿಗೆ ಹೋಗಿ ಅತ್ತೆ.

ಶನಿವಾರ ಬೆಳಿಗ್ಗೇನೇ ಟ್ರೈನ್ ಹತ್ತಿ ಶಿವನೀಲಿ ಇಳಿದೆ.

ನಮ್ಮ ಚಿಕ್ಕವ್ವನ ವಿಷಯ ಇಲ್ಲೇ ಹೇಳ್ಬಿಡ್ತೀನಿ. ನಾನು ಮೂರು ತಿಂಗಳ ಕೂಸಿದ್ದಾಗ ನಮ್ಮವ್ವ ತೀರ್ಕೊಂಡ್ಲು. ಅವ್ವನ ಒಡಹುಟ್ಟಿದ ತಂಗಿ ಚಿಕ್ಕವ್ವ, ನನ್ನ ಎತ್ಕೊಂಡು ಬಂದು ಶಿವನಿಯ ತನ್ನ ಮನೇಲಿ ಸಾಕಿದ್ಲು.

ಆದ್ರೆ ಅವ್ವ ಅಂತ ಕರಿಯೋಕೆ ಮಾತ್ರ ಒಂದಿನಾನೂ ಬಿಡ್ಲಿಲ್ಲ. ಬಾಯ್ತಪ್ಪಿ ಅಂದ್ರೂ ಮುಖ ಸಣ್ಣ ಮಾಡ್ಕೊಂಡು "ಚಿಕ್ಕವ್ವ ಅನ್ನು" ಅನ್ನೋಳು. ನಾನು ಪೂರ್ತಿ ತನ್ನ ಮಗಳಲ್ಲ ಅಂತ ಅವಳಿಗೇ ಅನ್ಸುತ್ತೇನೋ... ಅದೊಂದು ಕೊರಗು ನನಗೆ ಇದ್ದೇ ಇತ್ತು.

ಹೋದವಳೇ ಕೊಟ್ಟಿಗೇಲಿ ಜಗಳ ಶುರು ಮಾಡ್ದೆ. "ಬೆಳ್ಳಿ ಗೌರಿ ಮಗಳು ಅಂತ ನನ್ನ ಫಾರ್ಮಲ್ಲಿ ನೀನೇ ಬರೆಸಿದ್ದಲ್ಲ?"

"ಮಗಳಲ್ದೆ ಇನ್ನೇನೇ?" ಹುಲ್ಲು ಹಾಕ್ತಾ ಹಾಕ್ತಾನೇ ಅಂದ್ಲು.

ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಲು ಮಹಾತಾಯಿ. ಬೆಳ್ಳೀನ ಹಾಕಿದ ಹಸು ಪಕ್ಕದ ಮನೇದು, ಕರು ಹಾಕಿದ ಮೂರೇ ದಿನಕ್ಕೆ ಸತ್ತೋಯ್ತಂತೆ. ಅದೇ ವಾರ ನಮ್ಮ ಗೌರಿ ಕರುನೂ ಹೋಗಿತ್ತು.

ಚಿಕ್ಕವ್ವ ಆ ಕರೂನ ಎತ್ಕೊಂಡು ಬಂದು, ಮೈಗೆಲ್ಲ ಉಪ್ಪುನೀರು ಸವರಿ ಗೌರಿ ಮುಂದೆ ನಿಲ್ಲಿಸಿದಾಳೆ. ಗೌರಿ ಮೊದಲು ಮೂಸಿದ್ಲಂತೆ, ಆಮೇಲೆ ನೆಕ್ಕಿದ್ಲಂತೆ, ಸಂಜೆಗೆ ಸೊರ ಬಿಟ್ಟು ಹಾಲು ಕುಡಿಸಿದ್ಲಂತೆ. ಅಲ್ಲಿಗೆ ಮುಗೀತು, ಮಗಳು ಮಗಳೇ.

ನನ್ನ ಫಾರ್ಮಲ್ಲಿ ಅದಕ್ಕೆ ಕಾಲಂ ಎಲ್ಲಿತ್ತು! ಹೊಟ್ಟೆ ಹಿಡ್ಕೊಂಡು ನಕ್ಕೆ. ತಪ್ಪು ನಂದಲ್ಲ, ಸದ್ಯ ಬದುಕಿದೆ ಅನ್ನಿಸ್ತು.

ಚಿಕ್ಕವ್ವ ನಗ್ತಾ ಇಲ್ಲ. ಹುಲ್ಲಿನ ಕಂತೆ ಕೈಯಲ್ಲೇ ಇದೆ.

"ಹಂಗಾರೆ... ನಿನ್ ಮಿಷಿನ್ನು ನಮ್ಮಿಬ್ರನ್ನೂ ಹಿಂಗೇ ಅಂತದಾ? ತಾಯಿ ಮಗಳಲ್ಲ ಅಂತ?"

ಕಂತೆ ಇಸ್ಕೊಂಡು ಪಕ್ಕಕ್ಕಿಟ್ಟು, ಕೂರಿಸಿ ಹೇಳ್ದೆ.

ಆ ಜೀನು ಅಜ್ಜಿಯಿಂದ ನಮ್ಮವ್ವನಿಗೆ ಬಂತು, ನಿನಗೂ ಅದೇ ಬಂತು. ಅವ್ವ ನನಗೆ ಕೊಟ್ಟಿದ್ದೂ ಅದನ್ನೇ. ನಿಂದೂ ನಂದೂ ಪಕ್ಕಪಕ್ಕ ಇಟ್ರೆ ತಾಯಿ-ಮಗಳ ಜೋಡಿ ಹೆಂಗೆ ಬರುತ್ತೋ ಹಂಗೇ ಬರುತ್ತೆ. ಹೆತ್ತೋಳು ಅಕ್ಕನಾ ತಂಗಿನಾ ಅಂತ ಅದಕ್ಕೆ ಗೊತ್ತೇ ಆಗಲ್ಲ ಕಣೇ ಅಂದೆ.

"ಅಕ್ಕಂದೂ ನಂದೂ ಒಂದೇನಾ?"

"ಒಂದೇ."

ಗೌರಿ ಬಾಲ ಬೀಸ್ತಾ ನಿಂತಿದೆ. ಚಿಕ್ಕವ್ವ ಸೆರಗಲ್ಲಿ ಮುಖ ಒರೆಸ್ಕೊಂಡು ನನ್ನ ಕೈ ಹಿಡ್ಕೊಂಡ್ಲು.

"ಹಂಗಾರೆ ನಮ್ಮಕ್ಕಂದು ನಾನೇನೂ ಕಿತ್ಕೊಂಡಂಗಾಗ್ಲಿಲ್ಲ, ಅಲ್ವೇನೇ?"

ಇಷ್ಟು ವರ್ಷ, ಅವ್ವ ಅನ್ನಿಸ್ಕೊಂಡ್ರೆ ಅಕ್ಕನ ಜಾಗ ಕಿತ್ಕೊಂಡಂಗೆ ಅನ್ನೋ ಭಯಾನ ಹೊಟ್ಟೇಲಿಟ್ಕೊಂಡು ನನ್ನ ಸಾಕಿದಾಳೆ, ನನಗೆ ಒಂದಿನಾನೂ ಗೊತ್ತಾಗ್ಲಿಲ್ಲ.