ಮಾವನವರ ಹಿಂದಕ್ಕೆ ನಡೆಯುವ ಎತ್ತು

ಕಾಲುವೆಯ ನೀರು ನಮ್ಮೂರಿಗೆ ಬಂದ ವಾರದಲ್ಲೇ ನಮ್ಮ ಮನೆಯಲ್ಲಿ ಇಬ್ಬರ ಕೆಲಸ ಹೋಯಿತು. ಒಬ್ಬರು ನನ್ನ ಮಾವನವರು, ಇನ್ನೊಂದು ಅವರ ಎತ್ತು.

ಅಲ್ಲಿಯವರೆಗೆ ಶಹಾಪುರದ ಸುತ್ತಿನ ನಮ್ಮ ಕರಿ ನೆಲಕ್ಕೆ ನೀರೆಂದರೆ ಮಳೆ, ಇಲ್ಲವೆಂದರೆ ಬಾವಿ. ನಮ್ಮ ಹೊಲದ ಬಾವಿಗೆ ಕಪಲಿ ಇತ್ತು. ತೊಗಲಿನ ದೊಡ್ಡ ಬಾನಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಬಿಡುವುದು. ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಎತ್ತುಗಳು ಇಳಿಜಾರಿನಲ್ಲಿ ಮೂವತ್ತು ಹೆಜ್ಜೆ ಮುಂದೆ ನಡೆದರೆ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಅದೇ ಮೂವತ್ತು ಹೆಜ್ಜೆ ಹಿಂದಕ್ಕೆ ನಡೆದರೆ ಬಾನಿ ಮತ್ತೆ ಕೆಳಗಿಳಿಯುತ್ತದೆ. ಮಾವನವರು ಮೀಸೆ ಮೂಡುವ ಮೊದಲಿನಿಂದ ಆ ಹಗ್ಗದ ಮೇಲೆ ಕುಳಿತು ಹಾಡುತ್ತ ಎತ್ತು ಹೊಡೆದವರು. ಮುಂದೆ ಮೂವತ್ತು, ಹಿಂದೆ ಮೂವತ್ತು. ಅವರ ಆಯುಷ್ಯದ ನಡಿಗೆಯನ್ನೆಲ್ಲ ಕೂಡಿಸಿದರೆ ತಿಂಥಣಿಯ ಜಾತ್ರೆಗೆ ಹೋಗಿ ಬರುವ ದಾರಿ ಎಷ್ಟು ಸಲ ಆಗುತ್ತಿತ್ತೋ, ಆದರೆ ಅವರು ಬಾವಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಕಾಲುವೆ ಬಂದ ಮೇಲೆ ಬಾವಿಯ ಕಡೆ ಯಾರೂ ಹಣಿಕಿ ಹಾಕಲಿಲ್ಲ. ಮಾವನವರು ಕಾಲುವೆ ನೋಡಲು ಹೋದರು, ಸಿಮೆಂಟಿನ ಇಳಿಜಾರಿನಲ್ಲಿ ಕಾಲು ಜಾರಿ ಸೊಂಟದ ತನಕ ನೀರಿನಲ್ಲಿ ಕುಳಿತರು. ಪೆಟ್ಟಾಗಲಿಲ್ಲ. ತಲೆಯ ರುಮಾಲು ಮಾತ್ರ ತೇಲಿ ಹೋಗಿ ಮುಂದಿನ ತೂಬಿನ ಹತ್ತಿರ ಬಟ್ಟೆ ಒಗೆಯುವ ಹೆಂಗಸರ ಕೈಗೆ ಸಿಕ್ಕಿತು. ಅವರು ಅದನ್ನು ಒಗೆದು, ಹಿಂಡಿ, ಮನೆಗೆ ತಂದು ಕೊಟ್ಟರು. ರುಮಾಲೊಂದೇ ಬಂದದ್ದನ್ನು ನೋಡಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಎದೆ ಬಡಿದುಕೊಂಡು ಅಳಲು ಕುಳಿತಳು. ಆಮೇಲೆ ಮಾವನವರು ಬರಿದಲೆಯಲ್ಲಿ, ತೊಟ್ಟಿಕ್ಕುವ ಧೋತರದಲ್ಲಿ ಬಂದು, ಯಾಕೆ ಅಳುತ್ತೀ ಎಂದು ಅವಳನ್ನೇ ಬೈದರು.

ಅಂದೇ ಮಕ್ಕಳಿಬ್ಬರೂ ತೀರ್ಮಾನ ಮಾಡಿಬಿಟ್ಟರು. ನನ್ನ ಗಂಡ ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತ, ಹೊಲ ನೋಡುವವನು ಮೈದುನ. ಮೈದುನ ಹೇಳಿದ, "ಅಪ್ಪಾ, ದುಡದದ್ದು ಸಾಕು. ಇನ್ನ ಕಟ್ಟಿ ಮ್ಯಾಲ ಆರಾಮ ಕುಂದ್ರು."

ಗಂಡಸರಿಗೆ ಇದನ್ನು ಹೇಳುವುದು ಸುಲಭ. ಬೆಳಗಾದರೆ ಒಬ್ಬ ಬಸ್ಸು ಹತ್ತುತ್ತಾನೆ, ಇನ್ನೊಬ್ಬ ಹೊಲಕ್ಕೆ ಹೋಗುತ್ತಾನೆ. ಕಟ್ಟೆಯ ಮೇಲೆ ಆರಾಮವಾಗಿ ಕುಳಿತವರ ಜೊತೆ ಇರಬೇಕಾದವರು ನಾವು ಇಬ್ಬರು ಸೊಸೆಯಂದಿರು, ನೆಗೆಣ್ಣಿ ಹಗಲೆಲ್ಲ, ನಾನು ಶಾಲೆಯ ಹೊತ್ತು ಬಿಟ್ಟು. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ. ಮಾವನವರು ನಮ್ಮನ್ನು ಕೆತ್ತತೊಡಗಿದರು. ಕಸ ಹೊಡೆದರೆ ಮೂಲೆ ತೋರಿಸುವರು. ರೊಟ್ಟಿ ಬಡಿದರೆ ಸಪ್ಪಳ ಕೇಳಿಯೇ, ಇದು ದಪ್ಪಾಯಿತು ಎಂದು ಹೊರಗಿನಿಂದ ಹೇಳುವರು. ಒಲೆಯ ಮೇಲಿನ ಪ್ರತಿಯೊಂದು ಗಡಿಗೆಯ ಮುಚ್ಚಳ ಎತ್ತಿ, ಮೂಸಿ, ಉಪ್ಪು ಕಡಿಮೆ ಎಂದು ತೀರ್ಪು ಕೊಡುವರು. ರುಚಿಯನ್ನೂ ನೋಡದೆ! ನಾನು ಸುರಪುರದ ಹುಡುಗಿ, ಕಾಲುವೆಯ ಆಚೆಯ ಶಾಲೆಯಲ್ಲಿ ಟೀಚರು, ನಲವತ್ತು ಮಕ್ಕಳನ್ನು ಕಣ್ಣಿನಿಂದಲೇ ಕೂಡಿಸುವವಳು. ಮುಚ್ಚಳ ಎತ್ತುವ ಒಬ್ಬ ಮುದುಕರ ಮುಂದೆ ನನ್ನ ಆಟ ನಡೆಯಲಿಲ್ಲ. ಪಕ್ಕದ ಮನೆಯ ಹೆಂಗಸರು ನಮ್ಮ ಮನೆಗೆ ಬಂದು ಕೂಡುವುದನ್ನೇ ಬಿಟ್ಟರು.

ಅದೇ ಹೊತ್ತಿಗೆ ಮೈದುನ ಆ ಎತ್ತನ್ನು ಗಾಡಿಗೆ ಹೂಡಿದ. ಅದರ ಜೋಡಿ ಸತ್ತುಹೋಗಿತ್ತು, ಹಾಗಾಗಿ ಪಕ್ಕಕ್ಕೆ ಒಂದು ಹರೆಯದ ಎತ್ತು ಕಟ್ಟಿದ. ಹೊಸದಾಗಿ ಭತ್ತ ಹಚ್ಚುವ ಕಾಲ, ಗಾಡಿಯ ತುಂಬ ಸಸಿಯ ಕಟ್ಟುಗಳು. ಮನೆಯಿಂದ ಹೊರಟ ಗಾಡಿ ಚಹಾದಂಗಡಿಯ ಮುಂದೆ ನಿಂತಿತು. ನಿಂತದ್ದಲ್ಲದೆ, ನಮ್ಮ ಹಳೆ ಎತ್ತು ಗಂಭೀರವಾಗಿ ಹಿಂದಕ್ಕೆ ನಡೆಯತೊಡಗಿತು. ಹರೆಯದ ಎತ್ತಿಗೆ ಏನೂ ತಿಳಿಯದೆ, ಹಿರಿಯರು ಹೇಳಿದ ಮೇಲೆ ಸರಿ ಇರಬೇಕೆಂದು ಅದೂ ಹಿಂದಕ್ಕೆ ನಡೆಯಿತು. ಮೈದುನ ಬಾರುಕೋಲು ಬೀಸಿದ, ಬೈದ, ಇಳಿದು ಮೂಗುದಾರ ಹಿಡಿದು ಜಗ್ಗಿದ. ಗಾಡಿ ನಮ್ಮ ಬಾಗಿಲಿಗೇ ವಾಪಸು ಬಂತು. ಆಮೇಲೆ ಎತ್ತು ತಾನಾಗಿಯೇ ಮೂವತ್ತು ಹೆಜ್ಜೆ ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಚಹಾ ಕುಡಿಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊತ್ತು ಏರುವವರೆಗೆ ಗಾಡಿ ಮನೆಗೂ ಚಹಾದಂಗಡಿಗೂ ನಡುವೆ ಓಡಾಡಿತು, ಸಸಿ ಬಾಡಿತು.

ಮೈದುನ ಕೆಂಪಗಾಗಿ ಒಳಗೆ ಬಂದವನೇ, ಈ ಮುದಿ ಎತ್ತನ್ನು ಬರುವ ಸಂತೆಗೆ ಹೊಡೆದು ಮಾರುತ್ತೇನೆ ಎಂದ. ದುಡಿಯದಿದ್ದ ಮೇಲೆ ಇದನ್ನು ಕಟ್ಟಿಕೊಂಡು ಏನು ಮಾಡುವುದು ಎಂದೂ ಅಂದ. ಕಟ್ಟೆಯ ಮೇಲಿದ್ದ ಮಾವನವರು ಕೇಳಿಸಿಕೊಂಡರು.

ಆ ಸಂಜೆ ಅವರು ಮುಚ್ಚಳ ಎತ್ತಲಿಲ್ಲ. ನಾನು ಬೇಕೆಂದೇ ದಪ್ಪ ರೊಟ್ಟಿ ಬಡಿದೆ, ಹೊರಗಿನಿಂದ ದನಿ ಬರಲಿಲ್ಲ. ನೆಗೆಣ್ಣಿ ಮೂಲೆಯ ಕಸ ಹಾಗೇ ಬಿಟ್ಟಳು, ನೋಡಲಿಲ್ಲ. ಅರ್ಧ ರೊಟ್ಟಿ ಉಂಡು, ಕೈ ತೊಳೆದು, ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಷ್ಟು ದಿನ ಇವರು ಸುಮ್ಮನಾದರೆ ಸಾಕೆಂದು ದೇವರಿಗೆ ಕೈಮುಗಿದವಳು ನಾನೇ. ಸುಮ್ಮನಾದಾಗ ಮನೆ ತಿನ್ನಲು ಬಂದಂತಾಯಿತು.

ಬೆಳಿಗ್ಗೆ ಎದ್ದವಳೇ ಸೆರಗು ಹೊದ್ದು ಕೊಟ್ಟಿಗೆಗೆ ಹೋಗಿ, ಈ ಎತ್ತು ಯಾಕೆ ಹಿಂದಕ್ಕೆ ಹೋಗುತ್ತದೆ ಎಂದು ಮಾವನವರನ್ನೇ ಕೇಳಿದೆ. ಅವರು ನನ್ನನ್ನು ಒಂದನೇ ಇಯತ್ತೆಯ ಮಗುವನ್ನು ನೋಡಿದ ಹಾಗೆ ನೋಡಿದರು.

"ಅದು ಹಿಂದ ಹೋಗಾಕತ್ತಿಲ್ಲವ್ವ," ಅಂದರು. "ಬಾನಿ ಮ್ಯಾಲ ಬಂದದಂತ ತಿಳಕೊಂಡು ಮತ್ತ ತುಂಬಾಕ ಇಳಸಾಕತ್ತದ. ಬಂದಿಲ್ಲಂತ ಅದಕ್ಕ ಯಾರರೆ ಹೇಳಬೇಕಲ್ಲ?"

ಮಾತು ಮುಗಿಯುವುದರೊಳಗೆ ನಾನು ಮೈದುನನನ್ನು ಕರೆದೆ, ಗಾಡಿ ಹೂಡಿಸಿದೆ, ಮಾವನವರನ್ನು ಮುಂದೆ ಕೂಡಿಸಿದೆ, ಶಾಲೆಗೆ ತಡವಾಯಿತೆಂದು ನಾನೂ ಹಿಂದೆ ಹತ್ತಿ ಕುಳಿತೆ. ಚಹಾದಂಗಡಿಯವರು ಲೋಟ ಕೈಯಲ್ಲಿ ಹಿಡಿದು ಸಾಲಾಗಿ ನಿಂತರು. ಮೂವತ್ತನೆಯ ಹೆಜ್ಜೆಗೆ ಎತ್ತು ನಿಂತಿತು. ಮಾವನವರು ಮುಂದೆ ಬಾಗಿ ಅದರ ಬೆನ್ನ ಮೇಲೆ ಕೈಯಿಟ್ಟು, "ಬಾನಿ ಇನ್ನಾ ಬಂದಿಲ್ಲೋ ಮಗನ, ನಡಿ," ಅಂದರು. ಎತ್ತು ಸ್ವಲ್ಪ ಯೋಚಿಸಿತು. ನಡೆಯಿತು. ಮತ್ತೆ ಮೂವತ್ತು ಹೆಜ್ಜೆ, ಮತ್ತೆ ಅದೇ ಮಾತು. ಹೀಗೆ ಬಾರದ ಬಾನಿಯ ಆಸೆಯಲ್ಲಿ ಎತ್ತು ನನ್ನನ್ನು ಶಾಲೆಯ ತನಕ ತಂದು ಬಿಟ್ಟಿತು. ಮೈದುನ ತಾನೂ ಅದೇ ಮಾತು ಹೇಳಿ ನೋಡಿದ. ಎತ್ತು ನಂಬಲಿಲ್ಲ.

ಅಂದಿನಿಂದ ಮಾವನವರಿಗೆ ಪುರುಸೊತ್ತೇ ಇಲ್ಲದಂತಾಯಿತು. ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಡುವುದು, ಸಸಿ ಸಾಗಿಸುವುದು, ಸಂಜೆ ಕರೆತರುವುದು. ಓಣಿಯಲ್ಲಿ ಕಟ್ಟೆ ಹಿಡಿದು ಕುಳಿತಿದ್ದ ಇನ್ನಿಬ್ಬರು ಮುದುಕರು, ನಾವೂ ಕಾಲುವೆ ನೋಡುತ್ತೇವೆ ಎಂದು ಗಾಡಿ ಹತ್ತಿದರು. ಅವರಲ್ಲೊಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಮೊಣಕಾಲು ಬಾವು. ಮೂವರೂ ಕೂಡಿ "ಬಾನಿ ಬಂದಿಲ್ಲೋ" ಎಂದು ಕೂಗಿದರೆ ಕೊಕ್ಕರೆಗಳು ಗದ್ದೆ ಬಿಟ್ಟು ಏಳುತ್ತಿದ್ದವು. ಊರವರು ಅದಕ್ಕೆ ರಿವರ್ಸ್ ಗಾಡಿ ಎಂದು ಹೆಸರಿಟ್ಟರು. ಟೀಚರು ರಿವರ್ಸ್ ಗಾಡಿಯಲ್ಲಿ ಬರುತ್ತಾರೆಂದು ಮಕ್ಕಳು ನಗುತ್ತಿದ್ದರು. ನಾನು ಕಣ್ಣು ಬಿಟ್ಟರೂ ನಗು ನಿಲ್ಲುತ್ತಿರಲಿಲ್ಲ. ನಾನೇನು ದೊಡ್ಡ ಪುಣ್ಯದ ಕೆಲಸ ಮಾಡಿದೆ ಎನ್ನುವುದಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಗಡಿಗೆಯ ಮೇಲೆ ನನ್ನ ಮುಚ್ಚಳ.

ಭತ್ತ ತೆನೆ ಕಟ್ಟುವ ಹೊತ್ತು. ಒಂದು ಸಂಜೆ ಗಾಡಿಯಲ್ಲಿ ನಾವಿಬ್ಬರೇ ಇದ್ದೆವು. ಎತ್ತು ಮೂವತ್ತು ಹೆಜ್ಜೆ ದಾಟಿತು, ನಿಲ್ಲಲಿಲ್ಲ. ಅರವತ್ತು ದಾಟಿತು. ಮಾವನವರು ಏನೂ ಹೇಳಿರಲಿಲ್ಲ, ತೂಕಡಿಸುತ್ತಿದ್ದರು. ಮುಂದೆ ಸೇತುವೆಯ ಹತ್ತಿರ ಮೈದುನನ ಸೈಕಲ್ಲು ಕಂಡಿತು. ಮಾವನವರು ತಟ್ಟನೆ ನೆಟ್ಟಗಾಗಿ ಹಗ್ಗ ಸಡಿಲಿಸಿ ನಾಲಿಗೆಯಿಂದ ಲೊಚ್ ಲೊಚ್ ಎಂದು ಸಪ್ಪಳ ಮಾಡಿದರು. ಕಪಲಿಯಲ್ಲಿ ಎತ್ತನ್ನು ಹಿಂದಕ್ಕೆ ಕರೆಯುವ ಸಪ್ಪಳ. ಪಾಪ, ಎತ್ತು ಕಿವಿ ಅಲ್ಲಾಡಿಸಿ ಹಿಂದಕ್ಕೆ ಸರಿಯತೊಡಗಿತು. ಮೈದುನ ದೂರದಿಂದ ತಲೆ ಚಚ್ಚಿಕೊಂಡು ಹೊಲದ ದಾರಿ ಹಿಡಿದ.

ಮಾವನವರು ಹಿಂದಕ್ಕೆ ತಿರುಗಿದರು. ನಾನು ನೋಡಿದ್ದನ್ನು ಅವರು ನೋಡಿದರು.

"ಯಾರಿಗೂ ಹೇಳಬ್ಯಾಡವ್ವ," ಅಂದರು. "ಇದು ನೆಟ್ಟಗ ನಡ್ಯಾಕ ಕಲ್ತು ಎರಡು ತಿಂಗಳಾತು. ಮನ್ಯಾಗ ತಿಳೀತಂದ್ರ ಗಾಡಿ ಅವ ಹೊಡೀತಾನ, ನನ್ನ ಮತ್ತ ಕಟ್ಟಿ ಮ್ಯಾಲ ಕುಂದ್ರಸ್ತೀರಿ."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡೆ.

ಊಟಕ್ಕೆ ಕುಳಿತಾಗ ಮೈದುನ, ಅಪ್ಪನಿಗೆ ಬಿಸಿಲು ತಾಗುತ್ತದೆ, ಎತ್ತು ಸ್ವಲ್ಪ ಸುಧಾರಿಸಿದ್ದರೆ ನಾಳೆಯಿಂದ ತಾನೇ ಗಾಡಿ ಹೊಡೆಯುತ್ತೇನೆ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಸುಳ್ಳು ಹೇಳಬಾರದೆಂದು ಅಂದೇ ಬೆಳಿಗ್ಗೆ ಹಲಗೆಯ ಮೇಲೆ ಬರೆದು ಬಂದವಳು ನಾನು.

"ಎಲ್ಲಿ ಸುಧಾರಿಸ್ಯಾದ," ಅಂದೆ. "ಮಾವಾರು ಇರಲಿಲ್ಲಂದ್ರ ನಾ ಇನ್ನಾ ಕಾಲುವಿ ದಂಡಿ ಮ್ಯಾಲ ಇರ್ತಿದ್ದೆ."

ಮಾವನವರು ಕೈ ಚಾಚಿ ಪುಂಡಿಪಲ್ಯದ ಗಡಿಗೆಯ ಮುಚ್ಚಳ ಎತ್ತಿದರು, ಮೂಸಿದರು, ಉಪ್ಪು ಕಡಿಮೆ ಎಂದರು. ಉಪ್ಪು ಸರಿಯಾಗಿಯೇ ಇತ್ತು. ನಾನು ಎದ್ದು ಇನ್ನೊಂದು ಚಿಟಿಕೆ ಹಾಕಿದೆ.