ಮೂವತ್ತೊಂಬತ್ತು ಡಿಗ್ರಿ

ವಿಜಯಪುರದಿಂದ ಬಂದು ಬ್ರಿಟಿಷ್ ರಾಜಧಾನಿಯ ಕೆಂಟನ್ ಬಡಾವಣೆಯಲ್ಲಿ ನೆಲೆಸಿದ ದಾನಪ್ಪನ ಕೆಲಸ ದೊಡ್ಡ ಕಟ್ಟಡಗಳ ನೀರು ಪರೀಕ್ಷಿಸುವುದು. ನಲ್ಲಿ ಬಿಟ್ಟು ಥರ್ಮಾಮೀಟರ್ ಹಿಡಿದರೆ ಒಂದು ನಿಮಿಷದೊಳಗೆ ಬಿಸಿನೀರು ಐವತ್ತು ಡಿಗ್ರಿ ಮುಟ್ಟಬೇಕು. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಸೇರಿ ಶ್ವಾಸಕೋಶವನ್ನೇ ಹಿಡಿಯುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಹತ್ತಿರದ ಕೊಲಿಂಡೇಲ್‌ನ ಹೊಸ ಕಟ್ಟಡವೊಂದರಲ್ಲಿ ಥರ್ಮಾಮೀಟರ್ ಮೂವತ್ತೊಂಬತ್ತಕ್ಕೆ ನಿಂತಿತು. ಮೇಲಿನ ಹಲವು ಫ್ಲ್ಯಾಟುಗಳು ಆರು ತಿಂಗಳಿಂದ ಖಾಲಿ. ಪೈಪಿನ ನೀರು ಅಲುಗಾಡಿರಲಿಲ್ಲ. ಮೊದಲು ಬಂದದ್ದು ಕಂದು ನೀರು.

ಕಟ್ಟಡದ ಮ್ಯಾನೇಜರ್ ತಲೆ ಎತ್ತಲಿಲ್ಲ. "ಹೊಸ ಬಿಲ್ಡಿಂಗ್ ಇದು. ಲ್ಯಾಬ್ ರಿಪೋರ್ಟ್ ಬರಲಿ, ನೋಡೋಣ" ಎಂದ. ರಿಪೋರ್ಟಿಗೆ ಹತ್ತು ದಿನ ಬೇಕು.

ಐದನೇ ಮಹಡಿಯ ನಲ್ಲಿ ನೋಡಲು ಹೋದಾಗ ಬಾಗಿಲು ತೆಗೆದವಳು ಧಾರವಾಡದ ಸೌಜನ್ಯಾ. ಒಳಗೆ ಅವಳ ತಾಯಿ ಬಸಲಿಂಗವ್ವ ಸೋಫಾದ ಮೇಲೆ ಒರಗಿದ್ದಳು. ಕೆಮ್ಮು ನಿಲ್ಲುತ್ತಲೇ ಇರಲಿಲ್ಲ.

"ಎಷ್ಟ್ ದಿನ ಆತು ತಂಗಿ?"

"ನಾಲ್ಕು ದಿನ ಆತ್ರಿ ಅಣ್ಣಾರ. ಜಿಪಿ ಡಾಕ್ಟರ್ ಫೋನ್‌ನ್ಯಾಗ ವೈರಲ್ ಜ್ವರ ಅಂದ್ರು. ನಿನ್ನೆಯಿಂದ ನನ್ನ ಹೆಸರೂ ತಪ್ಪಿ ಕರೀತಾಳ."

ನಿವಾಸಿಗಳ ಜೊತೆ ಏನೂ ಮಾತಾಡಬಾರದೆಂದು ಕಂಪನಿಯ ಕಟ್ಟಪ್ಪಣೆ. ದಾನಪ್ಪ ಥರ್ಮಾಮೀಟರ್ ಚೀಲಕ್ಕೆ ಹಾಕಿದ.

"ತಂಗಿ, ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗು. ಮೂತ್ರ ಪರೀಕ್ಷಾ ಮಾಡ್ರಿ, ಲೀಜನೆಲ್ಲಾ ಅದನೋ ಏನೋ ನೋಡ್ರಿ ಅಂತ ನೀನಾಗೇ ಹೇಳು. ಮನ್ಯಾಗ ಷವರ್ ಮಾತ್ರ ಯಾರೂ ಹಚ್ಚಬ್ಯಾಡ್ರಿ."

ತನ್ನ ಫೋನ್ ನಂಬರ್ ಕೊಟ್ಟು ಕೆಳಗಿಳಿದವನೇ ಕಾರಿನಲ್ಲಿ ಕೂತು ಸ್ಥಳೀಯ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ಫೋನ್ ಮಾಡಿದ.

ಸಂಜೆಗೆ ಸೌಜನ್ಯಾಳ ಮೆಸೇಜ್ ಬಂತು. ಪರೀಕ್ಷೆ ಪಾಸಿಟಿವ್, ಅವ್ವ ಐಸಿಯುನಲ್ಲಿ. ಮರುದಿನ ಕೌನ್ಸಿಲ್‌ನವರು ಬಂದು ಟ್ಯಾಂಕು, ಪೈಪುಗಳನ್ನೆಲ್ಲ ಕ್ಲೋರಿನ್ ಹಾಕಿ ತೊಳೆಸಿದರು. ಮನೆಮನೆಯ ಬಾಗಿಲು ತಟ್ಟಿದರು. ಏಳನೇ ಮಹಡಿಯಲ್ಲಿ ಒಬ್ಬಂಟಿಯಾಗಿದ್ದ ನಿವೃತ್ತ ಬಸ್ ಚಾಲಕ ಬಾಗಿಲು ತೆರೆಯಲಿಲ್ಲ. ಬೀಗ ಒಡೆದು ಒಳಹೋದಾಗ ಅವನು ಸತ್ತು ಎರಡು ದಿನವಾಗಿತ್ತು.

ಹತ್ತೊಂಬತ್ತು ದಿನದ ನಂತರ ಬಸಲಿಂಗವ್ವ ಮನೆಗೆ ಮರಳಿದಳು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ನಲ್ಲಿಯ ಸದ್ದು ಕೇಳಿದರೆ ಮುಖ ತಿರುಗಿಸುತ್ತಾಳೆ.

ನಿವಾಸಿಗಳ ಜೊತೆ ಮಾತಾಡಿದ್ದಕ್ಕೆ ಕಂಪನಿ ದಾನಪ್ಪನಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಹೆಂಡತಿ ಪಾರ್ವತೆವ್ವ ಅದನ್ನು ಓದಿಸಿಕೊಂಡು, "ಆ ಮುದುಕನ ಮನಿಗೂ ಹೋಗಿದ್ರೇನು?" ಎಂದು ಕೇಳಿದಳು.

"ಹೋಗಿದ್ದೆ. ಅವತ್ತ ಬಾಗಿಲ ತಟ್ಟಿದೆ, ತೆಗೀಲಿಲ್ಲ. ಮನ್ಯಾಗ ಯಾರೂ ಇಲ್ಲ ಅಂತ ಬರಕೊಂಡು ಬಂದೆ."