ಎರ್ರಿಸ್ವಾಮಿ ಕಿವಿಗಿಟ್ಟ ಹತ್ತು ತೋಟಾ

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಬ್ಯಾಂಕಿನ ಗನ್‌ಮ್ಯಾನ್ ಎರ್ರಿಸ್ವಾಮಿ ತೋಟಾಗಳ ಮಾತು ಬಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು ಆತ ಸೊಂಟಪಟ್ಟಿಯಿಂದ ರೈಫಲ್ ತೋಟಾಗಳನ್ನು ಒಂದೊಂದಾಗಿ ತೆಗೆದು, ಕಿವಿಯ ಬಳಿ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಅಲುಗಿಸುತ್ತಾನೆ. ಹತ್ತೂ ಮುಗಿದ ಮೇಲೇ ಬಾಗಿಲು. ಒಳಗಿನ ಮದ್ದು ಆತನಿಗೆ ಊರಿನ ವರದಿ ಒಪ್ಪಿಸುತ್ತದೆಂದು ಉಗ್ಗಾಣಿ ತಿಂಡಿಯಂಗಡಿಯ ಶಂಕರಮ್ಮ ಆಣೆ ಮಾಡುತ್ತಾಳೆ. ಗುಂತಕಲ್ಲಿನ ಕಳ್ಳರು ಆದೋನಿಯಲ್ಲಿ ರೈಲು ಇಳಿಯದೆ ನೆಟ್ಟಗೆ ರಾಯಚೂರಿಗೆ ಹೋಗುವುದು ಈ ಕಿವಿಗೆ ಹೆದರಿಯೇ ಎಂದು ದಲಾಲರ ಅಂಬೋಣ.

ಎರ್ರಿಸ್ವಾಮಿ ಇದನ್ನು ಅಲ್ಲಗಳೆಯಲಿಲ್ಲ. ನಿಜ ಹೇಳುವುದು ಇನ್ನೂ ಕಷ್ಟವಿತ್ತು.

ಯುಗಾದಿಯ ಹಿಂದಿನ ವಾರ ಒಂದು ತೋಟಾವನ್ನು ಅಂಗಿಯ ಕಿಸೆಯಲ್ಲಿ ಮರೆತಿದ್ದ. ಹೆಂಡತಿ ಉಚ್ಚಮ್ಮ ಆ ಅಂಗಿಯನ್ನು ಸೋಪಿನಪುಡಿಯಲ್ಲಿ ಒಂದಿಡೀ ದಿನ ನೆನೆಹಾಕಿ ಒಗೆದಳು.

"ತೋಟಾ ಎಲ್ಲೈತಿ?"

"ಪಟ್ಟ್ಯಾಗ ಐತಿ. ತೊಳದದ್ದೊಂದು ಫಳಫಳ ಅಂತಿತ್ತು, ಉಳಿದವು ಮಾಸಿದ್ದವು. ಪಾಪ ಅನಿಸ್ತು, ಹತ್ತಕ್ಕೂ ಹುಣಸಿಹಣ್ಣು ಹಚ್ಚಿ ತಿಕ್ಕಿಟ್ಟೆ."

"ಒಗದದ್ದು ಯಾವುದು?"

"ಹತ್ತೂ ಒಂದೇ ಥರ ಹೊಳಿಯಾಕತ್ಯಾವ. ನಾ ಏನು ಒಂದಕ್ಕ ಹೆಚ್ಚು, ಒಂದಕ್ಕ ಕಡಿಮಿ ಮಾಡಾಕಿ ಅಲ್ಲ!"

ನೆನೆದ ಮದ್ದು ಗಂಟುಕಟ್ಟಿ ಸದ್ದು ಬದಲಾದೀತೆಂದು ಅಂದಿನಿಂದ ಆತ ಅಲುಗಿಸುತ್ತಿದ್ದ. ಹತ್ತೂ ಒಂದೇ ದನಿ. ಹೊಸ ತೋಟಾ ಬೇಕೆಂದರೆ ಹೊಡೆದದ್ದರ ಖಾಲಿ ಕೊಳವೆ ಒಪ್ಪಿಸಬೇಕು. ಹೊಡೆಯುವುದು ವರ್ಷಕ್ಕೊಮ್ಮೆ, ಪೊಲೀಸರ ಫೈರಿಂಗ್ ರೇಂಜಿನಲ್ಲಿ. ಆ ಪರೀಕ್ಷೆಯಲ್ಲಿ ಒಂದು ಸಿಡಿಯದಿದ್ದರೂ ಆತನನ್ನು ಬ್ಯಾಂಕಿಗೆ ಕಳಿಸಿದ ಸೆಕ್ಯುರಿಟಿ ಏಜೆನ್ಸಿಯವರು ಕೆಲಸದಿಂದ ತೆಗೆಯುತ್ತಾರೆ. ಅದಕ್ಕಿಂತ ಹೆಚ್ಚು ಆತನನ್ನು ಕಾಡುತ್ತಿದ್ದದ್ದು ಬೇರೆ. ಪೆದ್ದಹರಿವಾಣದಿಂದ ಪಿಂಚಣಿಗೆ ಬಂದ ಮುದುಕಿಯರು ಆತನ ಪಕ್ಕದ ಬೆಂಚನ್ನೇ ಹುಡುಕಿ ಕೂತು, ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ಸೊಂಟದಲ್ಲೊಂದು ಸುಳ್ಳು ಕಟ್ಟಿಕೊಂಡು ನಿಂತವನಿಗೆ ಅವರ ನಿದ್ದೆ ನೋಡಲಾಗುತ್ತಿರಲಿಲ್ಲ.

ಆರು ತಿಂಗಳಿಗೆ ಪರೀಕ್ಷೆಯ ದಿನ ಬಂತು. ಆಸ್ಪರಿ ದಾರಿಯ ಗುಡ್ಡದ ಮಗ್ಗುಲಲ್ಲಿ ರೇಂಜು. ಸುತ್ತಲಿನ ಗನ್‌ಮ್ಯಾನ್‌ಗಳೆಲ್ಲ ಸೇರಿದ್ದರು. ಇನ್‌ಸ್ಪೆಕ್ಟರ್ ಚೇತನಾ ಮೇಡಂ ಐದು ಗುಂಡು ಹೊಡೆಯಲು ಹೇಳಿದರು. ಎರ್ರಿಸ್ವಾಮಿ ಕೈಗೆ ಸಿಕ್ಕ ಐದನ್ನು ತುಂಬಿದ. ಐದೂ ಗುಡ್ಡ ನಡುಗುವಂತೆ ಹಾರಿದವು.

"ಪಾಸಾದಿ ಮಾವಾ! ನಡಿ, ಚಾ ಕುಡಿಯಾಣ," ಎಂದ ಜೊತೆಯ ಗನ್‌ಮ್ಯಾನ್ ತಿಪ್ಪೇಶ.

ಎರ್ರಿಸ್ವಾಮಿಗೆ ಚಹಾದ ವಾಸನೆ ಬಂತು. ಉಳಿದ ಐದನ್ನು ಮುಟ್ಟಿ ನೋಡಿಕೊಂಡ. ಬೆಂಚಿನ ಮುದುಕಿಯರು ನೆನಪಾದರು.

"ಮೇಡಂ, ಉಳಿದವನ್ನೂ ಹೊಡೀತೀನ್ರಿ."

"ಅವಸರಂ ಲೇದಯ್ಯಾ, ಬೇಕಿಲ್ಲ. ಐದು ಸಾಕು."

"ಹೊಡೀತೀನ್ರಿ."

"ತಲಿ ಕೆಟ್ಟೈತಿ ಇವಗ!" ತಿಪ್ಪೇಶ ಹಣೆ ಚಚ್ಚಿಕೊಂಡ.

ಮೇಡಂ ಹೂಂ ಅಂದರು. ಆರು, ಏಳು, ಎಂಟು ಹಾರಿದವು. ಒಂಬತ್ತನೆಯದು ಬರೀ 'ಟಿಕ್' ಅಂದಿತು.

"ಒಂದು ನಿಮಿಷ ಯಾರೂ ಅಲುಗಾಡಬ್ಯಾಡ್ರಿ, ತಡವಾಗಿ ಸಿಡೀಬಹುದು! ನಳಿಗೆ ಗುರಿ ಕಡೆಗೇ ಇರಲಿ!" ಮೇಡಂ ಕೂಗಿದರು.

ಆ ಒಂದು ನಿಮಿಷದಲ್ಲಿ ಎರ್ರಿಸ್ವಾಮಿಗೆ ತನ್ನ ನೌಕರಿ ಹೋಗುವುದೂ ಕಂಡಿತು, ಆರು ತಿಂಗಳ ಭಾರ ಇಳಿಯುವುದೂ ತಿಳಿಯಿತು. ಯಾವುದು ಮೊದಲೆಂದು ಹೇಳಲಾರ. ಆಮೇಲೆ ಮೇಡಂ ತಾವೇ ಸತ್ತ ತೋಟಾವನ್ನು ಹೊರತೆಗೆದು ಬೇರೆ ಇಟ್ಟರು. ಹತ್ತನೆಯದು ಸರಿಯಾಗಿಯೇ ಹಾರಿತು.

"ನೋಡಿದ್ರಾ? ನಮ್ಮ ಮಾವನ ಕಿವಿ!" ಈಗ ತಿಪ್ಪೇಶನ ಎರಡೂ ಕೈ ಮುಗಿದಿದ್ದವು. ಉಳಿದವರೂ ಸುತ್ತುವರಿದರು, ಒಬ್ಬಾತ ಕಾಲಿಗೂ ಬಗ್ಗಿದ.

ಮೇಡಂ ಕಾಗದದ ಮೇಲೆ ಸೀಲು ಒತ್ತಿದರು. "ಐದು ಕೇಳಿದ್ವಿ, ಐದು ಹಾರಿದಾವ. ಪಾಸು. ಕೆಟ್ಟದ್ದನ್ನ ನೀವಾಗೇ ಹುಡುಕಿ ಕೊಟ್ರಿ ಅಂತ ಏಜೆನ್ಸಿಗೆ ನಾನೇ ಬರೀತೀನಿ." ಪೆನ್ನು ಹಿಡಿದವರು ದನಿ ತಗ್ಗಿಸಿದರು, ಮಾರ್ಕೆಟ್ಟಿನ ಕಥೆ ಅವರ ಕಿವಿಗೂ ಬಿದ್ದಿತ್ತು. "ಹೆಂಗ ಗೊತ್ತಾತು ಅಂತ ಬರೀಬೇಕಲ್ಲ. ನಿಜ ಹೇಳ್ರಿ, ಅದು ನಿಮ್ಮ ಕಿವ್ಯಾಗ ಏನಂತು?"

ಸುತ್ತ ನಿಂತವರು ಇನ್ನಷ್ಟು ಹತ್ತಿರ ಸರಿದರು. ಎರ್ರಿಸ್ವಾಮಿ ಕಿವಿ ಕೆರೆದುಕೊಂಡ.

"ಏನೂ ಅನ್ನಲಿಲ್ರಿ. ನಮ್ಮನಿಯಾಕಿ ಒಂದನ್ನ ಅಂಗಿ ಜೋಡಿ ಒಗದಿದ್ಲು."